ಮನೆ ಕೊಳ್ಳದೆ ಮನೆಯ ಡೀಲ್‌ನಲ್ಲಿ ದುಡ್ಡು: ಅಮೆರಿಕದಲ್ಲಿ ಹೋಲ್‌ಸೇಲಿಂಗ್ ಶುರು ಮಾಡುವ ಮುಂಚೆ

[ದೃಶ್ಯ: ಮೊಣಕಾಲುದ್ದ ಹುಲ್ಲು, ತುಂಬಿಹೋದ ಅಂಚೆ ಡಬ್ಬಿ, ಛಾವಣಿ ಮೇಲೆ ನೀಲಿ ಟಾರ್ಪಾಲು]

ಈ ಮನೆ ನೋಡಿ. ಹುಲ್ಲು ಕತ್ತರಿಸಿ ತಿಂಗಳುಗಳೇ ಆಗಿವೆ. ಅಂಚೆ ಡಬ್ಬಿ ತುಂಬಿ ಕಾಗದಗಳು ಕೆಳಗೆ ಬಿದ್ದಿವೆ. ಛಾವಣಿ ಸೋರುತ್ತಿದೆ, ಅದಕ್ಕೇ ಆ ಟಾರ್ಪಾಲು. ಅಮೆರಿಕದ ಹಳೆಯ ಬಡಾವಣೆಗಳಲ್ಲಿ ಓಡಾಡಿದರೆ ಇಂಥವು ನಾಲ್ಕಾರು ಕಣ್ಣಿಗೆ ಬೀಳುತ್ತವೆ. ತಾಯಿ ತೀರಿಕೊಂಡಿರುತ್ತಾರೆ, ಮಕ್ಕಳು ಬೇರೆ ರಾಜ್ಯದಲ್ಲಿರುತ್ತಾರೆ. ರಿಪೇರಿಗೆ ದುಡ್ಡೂ ಇಲ್ಲ, ಬಂದು ನೋಡಿಕೊಳ್ಳಲು ಪುರುಸೊತ್ತೂ ಇಲ್ಲ. ಸಾಲ ತೆಗೆದು ಮನೆ ಕೊಳ್ಳುವವರು ಇದರ ಹತ್ತಿರ ಬರುವುದಿಲ್ಲ. ಈ ಸ್ಥಿತಿಯ ಮನೆಗೆ ಬ್ಯಾಂಕ್ ಸಾಲ ಸಿಗುವುದೇ ಕಷ್ಟ.

ಇಂಥ ಮನೆಯ ಮಾಲೀಕರನ್ನು, ನಗದು ಕೊಟ್ಟು ಕೊಂಡು ರಿಪೇರಿ ಮಾಡಿ ಮಾರುವ ಫ್ಲಿಪ್ಪರ್‌ಗೆ ಸೇರಿಸಿ, ನಡುವೆ ಫೀಸ್ ತೆಗೆದುಕೊಳ್ಳುವ ಕೆಲಸವೇ ರಿಯಲ್ ಎಸ್ಟೇಟ್ ಹೋಲ್‌ಸೇಲಿಂಗ್. "ದುಡ್ಡು ಬೇಡ, ಲೈಸೆನ್ಸ್ ಬೇಡ, ಅನುಭವ ಬೇಡ" ಅಂತ ಇದರ ಕೋರ್ಸ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಮೊದಲನೆಯ ಮಾತು ಅರ್ಧ ನಿಜ. ಎರಡನೆಯದು ಕೆಲವು ರಾಜ್ಯಗಳಲ್ಲಿ ಈಗ ಪೂರ್ತಿ ಸುಳ್ಳು. ಮೂರನೆಯದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಒಂದು ವಿಷಯ. ಹೋಲ್‌ಸೇಲರ್ ಮನೆ ಮಾರುವುದಿಲ್ಲ. ಮನೆ ಅವರದ್ದಲ್ಲ, ಮಾರುವುದು ಹೇಗೆ? ಅವರು ಮಾಲೀಕರ ಜೊತೆ ಖರೀದಿ ಒಪ್ಪಂದಕ್ಕೆ ಸಹಿ ಹಾಕುತ್ತಾರೆ: ಇಷ್ಟು ಬೆಲೆ, ಇಂಥ ದಿನದೊಳಗೆ. ಹಾಗೆ ಸಹಿ ಹಾಕಿದ ಮೇಲೆ ಆ ಬೆಲೆಗೆ ಆ ಮನೆ ಕೊಳ್ಳುವ ಹಕ್ಕು ಅವರ ಕೈಯಲ್ಲಿರುತ್ತದೆ. ಆ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಿ ಫೀಸ್ ಪಡೆಯುತ್ತಾರೆ. ಈ ವರ್ಗಾವಣೆಗೆ ಅಸೈನ್‌ಮೆಂಟ್ ಅನ್ನುತ್ತಾರೆ. ಕೈ ಬದಲಾಗುವುದು ಒಪ್ಪಂದದ ಕಾಗದ, ಮನೆಯ ಪತ್ರ ಅಲ್ಲ. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಕಾನೂನಿನ ತಕರಾರೆಲ್ಲ ಹುಟ್ಟುವುದು ಇಲ್ಲೇ.

[ಸ್ಕ್ರೀನ್ ಮೇಲೆ: 2,00,000 × 70% = 1,40,000]

ಈಗ ಲೆಕ್ಕ. ಫ್ಲಿಪ್ಪರ್‌ಗಳು ಬಳಸುವ ಒಂದು ಒರಟು ಸೂತ್ರ ಇದೆ, 70 ಪರ್ಸೆಂಟ್ ರೂಲ್. ರಿಪೇರಿ ಎಲ್ಲ ಮುಗಿದ ಮೇಲೆ ಮನೆ ಎಷ್ಟಕ್ಕೆ ಹೋಗುತ್ತದೋ ಆ ಬೆಲೆಗೆ ಎಆರ್‌ವಿ ಅನ್ನುತ್ತಾರೆ. ಅದರ ಶೇ. 70ರಲ್ಲಿ ರಿಪೇರಿ ಖರ್ಚು ಕಳೆಯಿರಿ. ಉಳಿದದ್ದು ಫ್ಲಿಪ್ಪರ್ ಕೊಡಬಹುದಾದ ಗರಿಷ್ಠ ಬೆಲೆ.

ನಮ್ಮ ಟಾರ್ಪಾಲು ಮನೆ ರಿಪೇರಿ ಆದ ಮೇಲೆ 2 ಲಕ್ಷ ಡಾಲರ್‌ಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಶೇ. 70 ಅಂದರೆ 1,40,000. ರಿಪೇರಿಗೆ 35,000 ಆಗುತ್ತದೆ ಅಂತ ನೀವು ಅಂದಾಜು ಮಾಡಿದಿರಿ. ಉಳಿದದ್ದು 1,05,000. ನಿಮ್ಮ ಫೀಸ್ 8,000 ಬೇಕು. ಹಾಗಾದರೆ ಮಾಲೀಕರಿಗೆ ನೀವು ಕೊಡಬಹುದಾದದ್ದು 97,000.

ಉಳಿದ ಶೇ. 30, ಅಂದರೆ 60,000 ಡಾಲರ್, ಫ್ಲಿಪ್ಪರ್ ಜೇಬಿಗೇ ಹೋಗುತ್ತದೆ ಅಂದುಕೊಳ್ಳಬೇಡಿ. ಕೊನೆಗೆ ಮನೆ ಮಾರುವಾಗ ಏಜೆಂಟ್ ಕಮಿಷನ್, ಕೊಳ್ಳುವಾಗ ಮಾರುವಾಗ ಎರಡೂ ಬಾರಿಯ ಕ್ಲೋಸಿಂಗ್ (ದುಡ್ಡು ಕೊಟ್ಟು ಮನೆ ಕೈ ಬದಲಾಗುವ ಕೊನೆಯ ಹಂತ) ಖರ್ಚು, ಖಾಸಗಿಯವರು ದುಬಾರಿ ಬಡ್ಡಿಗೆ ಕೊಡುವ ಹಾರ್ಡ್ ಮನಿ ಸಾಲ, ಕೆಲಸ ನಡೆಯುವಷ್ಟು ತಿಂಗಳು ಆಸ್ತಿ ತೆರಿಗೆ, ವಿಮೆ, ಕರೆಂಟು. ಇದೆಲ್ಲ ಕಳೆದು ಮಿಕ್ಕಿದ್ದು ಲಾಭ. "ಇನ್ನೊಂದು ಐದು ಸಾವಿರ ಜಾಸ್ತಿ ಕೊಡಿ" ಅಂತ ಫ್ಲಿಪ್ಪರ್ ಹತ್ತಿರ ಚೌಕಾಸಿ ಮಾಡುವ ಹೊಸಬರಿಗೆ ಈ ಪಟ್ಟಿ ಕಾಣಿಸಿರುವುದಿಲ್ಲ.

ಈಗ ಅನುಭವದ ಬೆಲೆ. ಫ್ಲಿಪ್ಪರ್ ತನ್ನ ಕಾಂಟ್ರಾಕ್ಟರನ್ನು ಕರೆದುಕೊಂಡು ಬಂದರು. ಟಾರ್ಪಾಲಿನ ಕೆಳಗೆ ಹಲಗೆಯೇ ಕೊಳೆತಿದೆ. ಚರಂಡಿ ಪೈಪ್‌ನಲ್ಲಿ ಕ್ಯಾಮೆರಾ ಬಿಟ್ಟರೆ ಮರದ ಬೇರು ಒಳಗೆ ನುಗ್ಗಿದೆ. ರಿಪೇರಿ 35,000 ಅಲ್ಲ, 52,000. ಅವರ ಗರಿಷ್ಠ ಬೆಲೆ ಈಗ 88,000. ನೀವು ಮಾಲೀಕರಿಗೆ ಮಾತು ಕೊಟ್ಟಿರುವುದು 97,000. ನಿಮ್ಮ ಫೀಸ್ ಪೂರ್ತಿ ಬಿಟ್ಟುಕೊಟ್ಟರೂ 9,000 ಕೊರತೆ! ಆ 8,000ದಲ್ಲಿ ಏನೇನು ಕೊಳ್ಳಬೇಕು ಅಂತ ಆಗಲೇ ಪಟ್ಟಿ ಮಾಡಿದ್ದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಆಗ ಹೊಸಬರು ಏನು ಮಾಡುತ್ತಾರೆ? ಮಾಲೀಕರ ಹತ್ತಿರ ಹೋಗಿ ಬೆಲೆ ಇಳಿಸಿ ಅನ್ನುತ್ತಾರೆ, ಇಲ್ಲ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಆ ಮಾಲೀಕರು ಸಾಮಾನು ಕಟ್ಟಿಟ್ಟಿರುತ್ತಾರೆ. ಮೂರು ವಾರ ಹೋಗಿರುತ್ತದೆ. ಬ್ಯಾಂಕ್ ಹರಾಜಿನ ದಿನ ಹತ್ತಿರ ಬಂದಿದ್ದರೆ ಆ ಮೂರು ವಾರ ಅವರಿಗೆ ಮತ್ತೆ ಸಿಗುವುದಿಲ್ಲ. ಈ ದಂಧೆಗೆ ಕೆಟ್ಟ ಹೆಸರು ಬಂದಿರುವುದು ಸುಮ್ನೆ ಅಲ್ಲ.

ಹಾಗಾಗಿ ರಿಪೇರಿ ಅಂದಾಜು ಮಾಡಲು ಕಲಿಯಿರಿ, ಇದು ಯಾವ ಕೋರ್ಸ್‌ಗಿಂತಲೂ ಮುಖ್ಯ. ಬಣ್ಣ, ಕಾರ್ಪೆಟ್ ನೋಡಿ ಹೆದರಬೇಡಿ, ಅದು ಅಗ್ಗದ ಕೆಲಸ. ಹೆದರಬೇಕಾದದ್ದು ಅಡಿಪಾಯ, ಛಾವಣಿ, ಚರಂಡಿ, ವೈರಿಂಗ್, ಹೀಟಿಂಗ್-ಕೂಲಿಂಗ್ ಯಂತ್ರಗಳಿಗೆ. 1978ಕ್ಕೆ ಮುಂಚೆ ಕಟ್ಟಿದ ಮನೆಯಾದರೆ ಸೀಸ ಬೆರೆತ ಬಣ್ಣ ಇರಬಹುದು, ಅದನ್ನು ತೆಗೆಸುವ ಖರ್ಚು ಬೇರೆ. ಒಬ್ಬ ಕಾಂಟ್ರಾಕ್ಟರ್‌ಗೆ ಅವರ ಸಮಯದ ದುಡ್ಡು ಕೊಟ್ಟು ಮೂರು ನಾಲ್ಕು ಮನೆ ಸುತ್ತಿ ಬನ್ನಿ. "ದುಡ್ಡು ಬೇಡ" ಅನ್ನುವುದು ಅರ್ಧ ನಿಜ ಅಂದೆನಲ್ಲ, ಉಳಿದರ್ಧ ಇಂಥ ಕಡೆ ಖರ್ಚಾಗುತ್ತದೆ.

ಎಆರ್‌ವಿ ಲೆಕ್ಕದಲ್ಲೂ ಹೊಸಬರು ಎಡವುತ್ತಾರೆ. ಮಾರಾಟಕ್ಕೆ ಇಟ್ಟಿರುವ ಬೆಲೆ ನೋಡಬೇಡಿ, ಮಾರಾಟ ಆಗಿರುವ ಬೆಲೆ ನೋಡಿ. ಕಳೆದ ಆರು ತಿಂಗಳೊಳಗೆ, ಅರ್ಧ ಮೈಲಿಯೊಳಗೆ, ಹೆಚ್ಚುಕಡಿಮೆ ಅದೇ ಅಳತೆ, ಅದೇ ಕಾಲದ, ಈಗಾಗಲೇ ರಿಪೇರಿ ಆಗಿರುವ ಮೂರು ಮನೆ ಹುಡುಕಿ. ನಡುವೆ ಹೆದ್ದಾರಿಯೋ ರೈಲು ಹಳಿಯೋ ಇದ್ದರೆ ಆ ಕಡೆಯ ಮನೆ ಲೆಕ್ಕಕ್ಕಿಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಬೇರೆಯಾದರೂ ಅಷ್ಟೇ. ಝಿಲೋ ಎಂಬ ಮನೆ ಮಾರಾಟದ ವೆಬ್‌ಸೈಟ್ ತೋರಿಸುವ ಅಂದಾಜು ನಂಬಿ ಆಫರ್ ಕೊಡಬೇಡಿ, ಒಳಗಿನ ಸ್ಥಿತಿ ಆ ಕಂಪ್ಯೂಟರ್‌ಗೆ ಗೊತ್ತಿಲ್ಲ. ಟೆಕ್ಸಸ್‌ನಂಥ ರಾಜ್ಯದಲ್ಲಿ ಮಾರಾಟದ ಬೆಲೆ ಸರ್ಕಾರಿ ದಾಖಲೆಯಲ್ಲಿ ಬಹಿರಂಗ ಆಗುವುದೇ ಇಲ್ಲ. ಅಲ್ಲಿ ಎಂಎಲ್‌ಎಸ್, ಅಂದರೆ ಏಜೆಂಟ್‌ಗಳು ಹಂಚಿಕೊಳ್ಳುವ ಮನೆ ಮಾರಾಟದ ಮಾಹಿತಿ ಪಟ್ಟಿ, ನೋಡಬಲ್ಲ ಏಜೆಂಟ್ ಒಬ್ಬರ ಸ್ನೇಹ ಬೇಕು.

[ಸ್ಕ್ರೀನ್ ಮೇಲೆ: ಅಮೆರಿಕದ ನಕ್ಷೆ, ಐದು ರಾಜ್ಯಗಳಿಗೆ ಬಣ್ಣ]

ಈಗ ಲೈಸೆನ್ಸ್, ಅಂದರೆ ರಿಯಲ್ ಎಸ್ಟೇಟ್ ಬ್ರೋಕರ್ ಕೆಲಸಕ್ಕೆ ರಾಜ್ಯ ಕೊಡುವ ಪರವಾನಗಿ. ಇಲಿನಾಯ್ 2019ರಲ್ಲಿ ಕಾನೂನು ಬದಲಿಸಿತು. ಅಲ್ಲಿ ಲೈಸೆನ್ಸ್ ಇಲ್ಲದೆ 12 ತಿಂಗಳಲ್ಲಿ ಒಂದಕ್ಕಿಂತ ಜಾಸ್ತಿ ಹೋಲ್‌ಸೇಲ್ ಡೀಲ್ ಮಾಡುವಂತಿಲ್ಲ. ಒಕ್ಲಹೋಮ 2021ರಲ್ಲಿ ತಂದ ಕಾನೂನಿನ ಹೆಸರಿನಲ್ಲೇ ಹೋಲ್‌ಸೇಲರ್‌ಗಳನ್ನು ಬೇಟೆಗಾರರು ಅನ್ನುವ ಹಾಗೆ ಕರೆದಿದೆ, ಲೈಸೆನ್ಸೂ ಕೇಳುತ್ತದೆ. ಪೆನ್ಸಿಲ್ವೇನಿಯಾದಲ್ಲಿ 2025ರ ಜನವರಿಯಿಂದ ಲೈಸೆನ್ಸ್ ಬೇಕು. ದಕ್ಷಿಣ ಕ್ಯಾರೊಲಿನಾ 2024ರಲ್ಲಿ ಇನ್ನೂ ಮುಂದೆ ಹೋಗಿ, ಮನೆ ನಿಮ್ಮದಾಗುವ ಮುಂಚೆ ಒಪ್ಪಂದ ಹಿಡಿದುಕೊಂಡು ಗಿರಾಕಿ ಹುಡುಕುವುದನ್ನೇ ತಡೆಯಿತು. ಟೆಕ್ಸಸ್ ಸ್ವಲ್ಪ ಸಡಿಲ. ಅಲ್ಲಿ 2017ರ ಕಾನೂನಿನ ಪ್ರಕಾರ, ನೀವು ಮಾರುತ್ತಿರುವುದು ಒಪ್ಪಂದದ ಹಕ್ಕನ್ನು ಅಂತ ಕೊಳ್ಳುವವರಿಗೆ ತಿಳಿಸಬೇಕು. ಹೇಳದೆ ಮಾರಿದರೆ ಲೈಸೆನ್ಸ್ ಇಲ್ಲದೆ ಬ್ರೋಕರ್ ಕೆಲಸ ಮಾಡಿದ ಹಾಗೆ.

ಇದಕ್ಕೆಲ್ಲ ಕಾರಣ ಆಗಲೇ ಹೇಳಿದ ವ್ಯತ್ಯಾಸ. ಬೇರೆಯವರ ಮನೆಯ ಫೋಟೋ ಹಾಕಿ "ಮನೆ ಮಾರಾಟಕ್ಕಿದೆ" ಅಂದರೆ ಅದು ಬ್ರೋಕರ್ ಕೆಲಸ. "ಈ ಒಪ್ಪಂದದ ಹಕ್ಕು ವರ್ಗಾವಣೆಗಿದೆ" ಅನ್ನುವುದು ಬೇರೆ. ಕೆಲವು ರಾಜ್ಯಗಳಲ್ಲಿ ಎರಡನೆಯದಕ್ಕೂ ಜಾಗ ಇಲ್ಲ. ಈ ಕಾನೂನುಗಳು ಬೇಗ ಬೇಗ ಬದಲಾಗುತ್ತಿವೆ. ಮಾಲೀಕರಿಗೆ ಮೊದಲ ಪತ್ರ ಕಳಿಸುವ ಮುಂಚೆ ನಿಮ್ಮ ರಾಜ್ಯದ ರಿಯಲ್ ಎಸ್ಟೇಟ್ ವಕೀಲರಿಗೆ ಒಂದು ಗಂಟೆಯ ಫೀಸ್ ಕೊಟ್ಟು ಕೇಳಿ, ಒಪ್ಪಂದದ ನಮೂನೆಯನ್ನೂ ಅವರಿಂದಲೇ ಮಾಡಿಸಿ. ನಾನಾದರೆ ಹೇಗೂ ಲೈಸೆನ್ಸ್ ತೆಗೆದುಕೊಂಡೇ ಶುರು ಮಾಡುತ್ತೇನೆ. ಎಂಎಲ್‌ಎಸ್ ಕೈಗೆ ಸಿಗುತ್ತದೆ, ಹೋಲ್‌ಸೇಲ್‌ಗೆ ಹೊಂದದ ಮನೆ ಬಂದರೆ ಏಜೆಂಟ್ ಆಗಿ ಅದನ್ನು ಮಾರಾಟಕ್ಕೆ ಲಿಸ್ಟಿಂಗ್ ಕೂಡ ಮಾಡಬಹುದು.

ನೋಡುತ್ತಿರುವವರಲ್ಲಿ ಎಚ್1ಬಿ ವೀಸಾದವರು ಇದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಆ ವೀಸಾದಲ್ಲಿ ನಿಮಗೆ ಕೆಲಸದ ಅನುಮತಿ ಇರುವುದು ಅರ್ಜಿ ಹಾಕಿದ ಕಂಪನಿಗೆ ಮಾತ್ರ. ಮನೆ ಕೊಂಡು ಸುಮ್ಮನೆ ಬಾಡಿಗೆ ಪಡೆಯುವುದು ಹೂಡಿಕೆ ಅನ್ನಿಸಿಕೊಳ್ಳಬಹುದು. ಮಾಲೀಕರಿಗೆ ಫೋನ್ ಮಾಡಿ, ಡೀಲ್ ಹುಡುಕಿ ಫೀಸ್ ಪಡೆಯುವುದು ಕೆಲಸ. ವಲಸೆ ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಸರಿ, ಎಲ್ಲಿಂದ ಶುರು? ಎಲ್ಲರೂ ಮಾರುವವರನ್ನು ಹುಡುಕಿಕೊಂಡು ಹೊರಡುತ್ತಾರೆ. ನನ್ನ ಸಲಹೆ ಉಲ್ಟಾ: ಮೊದಲು ಕೊಳ್ಳುವವರನ್ನು ಹುಡುಕಿ. ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ದಾಖಲೆ ತೆಗೆದು, ಇತ್ತೀಚೆಗೆ ಅಡಮಾನ ಸಾಲ ಇಲ್ಲದೆ ಯಾರು ಮನೆ ಕೊಂಡಿದ್ದಾರೆ ನೋಡಿ. ಒಂದೇ ಎಲ್‌ಎಲ್‌ಸಿ (ಒಂದು ಬಗೆಯ ಕಂಪನಿ) ಹೆಸರು ಮೂರು ನಾಲ್ಕು ಸಲ ಬಂದರೆ ಅದು ನಿಜವಾದ ಗಿರಾಕಿ. ಸ್ಥಳೀಯ ಹೂಡಿಕೆದಾರರ ಸಂಘದ ಸಭೆಗೆ ಹೋಗಿ. ಯಾವ ಏರಿಯಾ ಬೇಕು, ಎಷ್ಟು ರಿಪೇರಿವರೆಗೆ ಒಪ್ಪುತ್ತಾರೆ, ದುಡ್ಡು ಕೈಯಲ್ಲಿದೆಯಾ ಸಾಲವಾ, ಕೊನೆಯದಾಗಿ ಕೊಂಡ ಮನೆ ಯಾವುದು ಅಂತ ಕೇಳಿ. ಕೊನೆಯ ಪ್ರಶ್ನೆಗೆ ವಿಳಾಸ ಹೇಳದವರು ಬರೀ ಮಾತಿನವರು. ಇಂಥ ಐದು ಜನ ಗಟ್ಟಿ ಗಿರಾಕಿಗಳಿದ್ದರೆ ಎರಡು ಸಾವಿರ ಇಮೇಲ್‌ಗಳ ಪಟ್ಟಿ ಬೇಡ.

ಮಾರುವವರು ಸಿಗುವ ದಾರಿಗಳು ಗೊತ್ತಿರುವವೇ. ಕಾರಿನಲ್ಲಿ ಬಡಾವಣೆ ಸುತ್ತಿ ಪಾಳು ಮನೆಗಳ ವಿಳಾಸ ಬರೆದುಕೊಳ್ಳಿ. ಆಸ್ತಿ ತೆರಿಗೆ ಬಾಕಿ ಇರುವವರ ಪಟ್ಟಿ, ನಗರಾಡಳಿತ ನೋಟಿಸ್ ಕೊಟ್ಟಿರುವ ಮನೆಗಳು, ಉತ್ತರಾಧಿಕಾರದ ಕೇಸ್‌ಗಳು ನೋಡಿ. ಮಾಲೀಕರ ಹೆಸರು ಆಸ್ತಿ ತೆರಿಗೆಗಾಗಿ ಮನೆಗೆ ಬೆಲೆ ಕಟ್ಟುವ ಕೌಂಟಿ ಅಸೆಸರ್ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಬ್ಯಾಂಕ್ ವಶಪಡಿಸಿಕೊಂಡ ಮನೆಗಳನ್ನು ಬಿಟ್ಟುಬಿಡಿ, ಆ ಒಪ್ಪಂದಗಳು ಸಾಮಾನ್ಯವಾಗಿ ವರ್ಗಾವಣೆಗೆ ಬಿಡುವುದಿಲ್ಲ. ಶುರುವಿನಲ್ಲಿ ಕೈಬರಹದ ಪತ್ರ ಸಾಕು. ಯಂತ್ರದಿಂದ ಸಾವಿರಾರು ಮೆಸೇಜ್ ಕಳಿಸುವ ಆಸೆ ಬೇಡ. ಬೇಡದ ಫೋನ್ ಕರೆಗಳಿಂದ ಜನರನ್ನು ಕಾಪಾಡುವ 1991ರ ಟಿಸಿಪಿಎ ಕಾನೂನಿನಲ್ಲಿ ನಿಯಮ ಮುರಿದ ಒಂದೊಂದು ಕರೆ, ಒಂದೊಂದು ಮೆಸೇಜ್‌ಗೂ 500 ಡಾಲರ್ ಪರಿಹಾರ ಕೇಳಬಹುದು. ಬೇಕೆಂದೇ ಮಾಡಿದ್ದರೆ 1,500ರವರೆಗೆ ಹೋಗುತ್ತದೆ.

[ದೃಶ್ಯ: ಅಡುಗೆಮನೆ ಮೇಜು, ಎದುರುಬದುರು ಎರಡು ಕುರ್ಚಿ]

ಒಂದು ದಿನ ಮಾಲೀಕರೊಬ್ಬರು ಫೋನ್ ಮಾಡುತ್ತಾರೆ. ಅವರ ಮನೆಯ ಮೇಜಿನ ಮುಂದೆ ಕೂತಿರುತ್ತೀರಿ. "ಈ ಮನೆ ನೀವೇ ಕೊಳ್ಳುತ್ತೀರಾ?" ಅಂತ ಕೇಳುತ್ತಾರೆ. ಇಲ್ಲಿ "ಹೌದು" ಅಂದುಬಿಡುವುದು ಸುಲಭ, ಎಷ್ಟೋ ಜನ ಹಾಗೇ ಅನ್ನುತ್ತಾರೆ. ಹೀಗೆ ಹೇಳಿ ನೋಡಿ: "ನಾನು ನಿಮ್ಮ ಜೊತೆ ಒಪ್ಪಂದ ಮಾಡಿಕೊಳ್ಳುತ್ತೇನೆ. ಆಮೇಲೆ ಅದನ್ನು ಹೂಡಿಕೆದಾರರೊಬ್ಬರಿಗೆ ವರ್ಗಾಯಿಸಬಹುದು. ಅದರಲ್ಲಿ ನನಗೆ ಫೀಸ್ ಬರುತ್ತದೆ. ಏಜೆಂಟ್ ಮೂಲಕ ಮಾರಿದರೆ ನಿಮಗೆ ಜಾಸ್ತಿ ಸಿಗಬಹುದು, ಆದರೆ ಸಮಯ ಹಿಡಿಯುತ್ತದೆ." ಕೆಲವರು ಎದ್ದು ಬಾಗಿಲು ತೋರಿಸುತ್ತಾರೆ. ಪರವಾಗಿಲ್ಲ. ಒಪ್ಪಿದವರು ಕ್ಲೋಸಿಂಗ್ ದಿನ ನಿಮ್ಮ ಫೀಸ್ ನೋಡಿ ಗಲಾಟೆ ಮಾಡುವುದಿಲ್ಲ. ಅಸೈನ್‌ಮೆಂಟ್ ಫೀಸ್ ಸಾಮಾನ್ಯವಾಗಿ ಲೆಕ್ಕದ ಹಾಳೆಯಲ್ಲಿ ಕಾಣಿಸುತ್ತದೆ, ಮುಚ್ಚಿಡುವ ಹಾಗಿಲ್ಲ.

ಫೀಸ್ ಕಾಣಿಸಬಾರದು ಅಂತ ಕೆಲವರು ಡಬಲ್ ಕ್ಲೋಸಿಂಗ್ ಮಾಡುತ್ತಾರೆ. ಅಂದರೆ ಒಂದೇ ದಿನ ತಾವು ಕೊಂಡು ಮಾರುತ್ತಾರೆ. ಅದಕ್ಕೆ ಒಂದು ದಿನದ ಸಾಲ, ಎರಡು ಸಲದ ಖರ್ಚು. ಮೊದಲ ಡೀಲ್‌ಗೆ ಬೇಡ.

ಒಪ್ಪಂದದಲ್ಲಿ ನೋಡಬೇಕಾದದ್ದು: ವರ್ಗಾಯಿಸಬಹುದು ಅನ್ನುವ ಸಾಲು ಸ್ಪಷ್ಟವಾಗಿರಬೇಕು. ಮನೆ ತಪಾಸಣೆಗೆ ಇಷ್ಟು ದಿನ, ಅಷ್ಟರೊಳಗೆ ಹಿಂದೆ ಸರಿಯಬಹುದು ಅಂತಿರಬೇಕು. ಆ ಗಡುವಿನೊಳಗೆ ಗಿರಾಕಿ ಸಿಗದಿದ್ದರೆ ಅದೇ ದಿನ ಮಾಲೀಕರಿಗೆ ಹೇಳಿ, ಬರಹದಲ್ಲಿ ಒಪ್ಪಂದ ಬಿಟ್ಟುಕೊಡಿ. ಮುಂಗಡದ ಹಣ ಮಾಲೀಕರ ಕೈಗೂ ಬೇಡ, ನಿಮ್ಮ ಕೈಗೂ ಬೇಡ, ಟೈಟಲ್ ಕಂಪನಿಯ (ಮಾಲೀಕತ್ವದ ದಾಖಲೆ ಪರಿಶೀಲಿಸಿ ಕ್ಲೋಸಿಂಗ್ ಮಾಡಿಸುವ ಸಂಸ್ಥೆ) ಎಸ್ಕ್ರೋ ಖಾತೆಗೆ, ಅಂದರೆ ಡೀಲ್ ಮುಗಿಯುವವರೆಗೆ ಹಣ ಕಾಯ್ದಿಡುವ ಖಾತೆಗೆ ಹೋಗಲಿ. ಜಾರ್ಜಿಯಾ, ದಕ್ಷಿಣ ಕ್ಯಾರೊಲಿನಾದಂಥ ರಾಜ್ಯಗಳಲ್ಲಿ ಈ ಕೆಲಸ ವಕೀಲರದ್ದು. ಎಲ್ಲ ಟೈಟಲ್ ಕಂಪನಿಗಳೂ ಅಸೈನ್‌ಮೆಂಟ್ ಮಾಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಹಳೆಯ ಸಾಲ, ತೆರಿಗೆ ಬಾಕಿ, ಸಹಿ ಹಾಕದ ಇನ್ನೊಬ್ಬ ವಾರಸುದಾರ ಹೊರಗೆ ಬರುವುದು ಅವರ ಹುಡುಕಾಟದಲ್ಲೇ. ತಾಯಿಯ ಮನೆ ಅಂತ ಒಬ್ಬ ಮಗ ಸಹಿ ಹಾಕಿರುತ್ತಾನೆ, ಇಬ್ಬರು ತಂಗಿಯರು ಇದ್ದಾರೆ ಅಂತ ಆಮೇಲೆ ಗೊತ್ತಾಗುತ್ತದೆ!

ಎಲ್ಲ ಸರಿಯಾದರೆ ಕ್ಲೋಸಿಂಗ್ ಆದ ಮೇಲೆ ಟೈಟಲ್ ಕಂಪನಿಯೇ ನಿಮ್ಮ ಫೀಸ್ ಕಳಿಸುತ್ತದೆ. ಪೂರ್ತಿ ಖರ್ಚು ಮಾಡಬೇಡಿ. ಇದು ಸಾಮಾನ್ಯ ಆದಾಯ, ಆಸ್ತಿ ಮಾರಿದ ಲಾಭಕ್ಕಿರುವ ಕಡಿಮೆ ತೆರಿಗೆ ಇದಕ್ಕೆ ಸಿಗುವುದಿಲ್ಲ. ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವಉದ್ಯೋಗ ತೆರಿಗೆಯೂ ಬೀಳುತ್ತದೆ. ಕಟ್ಟುವುದು ವರ್ಷದ ಕೊನೆಗಲ್ಲ, ವರ್ಷಕ್ಕೆ ನಾಲ್ಕು ಕಂತಿನಲ್ಲಿ. ಫೀಸ್ ಬಂದ ದಿನವೇ ಮೂರರಲ್ಲೊಂದು ಪಾಲು ಬೇರೆ ಖಾತೆಗೆ ಹಾಕಿಬಿಡಿ.