ಐರಾ ಹೇಸ್ ಟೆಕ್ಸಸ್‌ಗೆ ಹೋದದ್ದು ಯಾಕೆ

ಕೇಳುಗರಿಗೆಲ್ಲ ನಮಸ್ಕಾರ.

1946ರ ಮೇ ತಿಂಗಳು. ಅಮೆರಿಕದ ಅರಿಜೋನಾ ರಾಜ್ಯದ ಒಂದು ಹಳ್ಳಿಯಿಂದ 23 ವರ್ಷದ ಹುಡುಗನೊಬ್ಬ ಮನೆ ಬಿಟ್ಟು ಹೊರಟ. ರಸ್ತೆಗೆ ಬಂದು ಸಿಕ್ಕ ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಿ, ಯಾರು ಹತ್ತಿಸಿಕೊಂಡರೆ ಅವರ ಜೊತೆ ಒಂದಷ್ಟು ದೂರ, ಅವರು ಇಳಿಸಿದ ಮೇಲೆ ಮತ್ತೊಬ್ಬರ ಜೊತೆ ಇನ್ನಷ್ಟು ದೂರ, ಹೀಗೇ ಸುಮಾರು 2,000 ಕಿಲೋಮೀಟರ್ ದಾಟಿ ಟೆಕ್ಸಸ್‌ನ ದಕ್ಷಿಣ ತುದಿಯ ವೆಸ್ಲಾಕೊ ಅನ್ನೋ ಊರು ತಲುಪಿದ. ಅಲ್ಲಿಂದ ಮೆಕ್ಸಿಕೋ ಗಡಿ ಹತ್ತಿರ. ಅಲ್ಲಿ ಎಡ್ ಬ್ಲಾಕ್ ಅನ್ನೋ ರೈತರ ಹೊಲ ಹುಡುಕಿಕೊಂಡು ಹೋದ. ಒಂದೇ ಒಂದು ವಿಷಯ ಹೇಳಿದ. ಆಮೇಲೆ ಬಂದ ದಾರಿ ಹಿಡಿದ.

ಆ ಹುಡುಗ ಐರಾ ಹೇಸ್. ಅಮೆರಿಕದ ಮರೀನ್ ಪಡೆಯ ಮಾಜಿ ಸೈನಿಕ, ಪೀಮಾ ಅನ್ನೋ ಮೂಲನಿವಾಸಿ ಬುಡಕಟ್ಟಿನವನು. ಆ ಹೊತ್ತಿಗೆ ಇಡೀ ದೇಶ ಅವನನ್ನು ಬಲ್ಲದು. ಅವನ ಬಗ್ಗೆ ಸಿನಿಮಾ ಬಂದಿದೆ, ಹಾಡು ಬಂದಿದೆ. ಎರಡರಲ್ಲೂ ಕುಡಿತದ ಕತೆಯೇ ಮುಂದೆ. ಯುದ್ಧ ಗೆದ್ದು ಬಂದ, ಹೆಂಡಕ್ಕೆ ಸೋತ, ಸತ್ತ. ಸುಳ್ಳಲ್ಲ, ಆದರೆ ನನಗೆ ಅದಕ್ಕಿಂತ ಈ ಟೆಕ್ಸಸ್ ಪ್ರಯಾಣವೇ ದೊಡ್ಡದಾಗಿ ಕಾಣುತ್ತದೆ. ಅದು ಯಾಕೆ ಅಂತ ಹೇಳೋದಕ್ಕೆ ಮೊದಲು ಒಂದು ಫೋಟೋದ ವಿಷಯ ಹೇಳಬೇಕು. ರೇಡಿಯೋದಲ್ಲಿ ಫೋಟೋ ತೋರಿಸೋಕೆ ಆಗಲ್ಲ, ಮಾತಲ್ಲೇ ನೋಡಿ.

ಒಂದು ಬೆಟ್ಟದ ನೆತ್ತಿ. ನೆಲದ ತುಂಬ ಒಡೆದ ಕಲ್ಲು, ಮುರಿದ ಕಡ್ಡಿ. ಆರು ಜನ ಸೈನಿಕರು ಉದ್ದದ ಪೈಪೊಂದನ್ನು ನಿಲ್ಲಿಸುತ್ತಿದ್ದಾರೆ, ಅದರ ತುದಿಯಲ್ಲಿ ಅಮೆರಿಕದ ಬಾವುಟ ಗಾಳಿಗೆ ಬಿಚ್ಚಿಕೊಂಡಿದೆ. ಬಲತುದಿಯವನು ಪೂರ್ತಿ ಬಗ್ಗಿ ಪೈಪಿನ ಬುಡವನ್ನು ನೆಲಕ್ಕೆ ಒತ್ತುತ್ತಿದ್ದಾನೆ. ಅವನ ಮುಖ ಕಾಣಲ್ಲ, ಬೆನ್ನು ಕಾಣುತ್ತದೆ ಅಷ್ಟೆ. ಒಬ್ಬನಂತೂ ಇನ್ನೊಬ್ಬನ ಹಿಂದೆ ಮುಚ್ಚಿಹೋಗಿದ್ದಾನೆ. ಎಡತುದಿಯವನು ಎರಡೂ ಕೈ ಮೇಲಕ್ಕೆ ಚಾಚಿದ್ದಾನೆ, ಆದರೆ ಪೈಪು ಆಗಲೇ ಮೇಲೆ ಹೋಗಿಬಿಟ್ಟಿದೆ. ಅವನ ಬೆರಳು ಅದನ್ನು ಮುಟ್ಟುತ್ತಿಲ್ಲ. ಅವನೇ ಐರಾ.

ಜಾಗ ಐವೊ ಜಿಮಾ. ಟೋಕಿಯೋದಿಂದ ಸುಮಾರು 1,200 ಕಿಲೋಮೀಟರ್ ದಕ್ಷಿಣಕ್ಕಿರೋ ಜ್ವಾಲಾಮುಖಿ ದ್ವೀಪ, ಬರೀ ಗಂಧಕದ ವಾಸನೆ, ಕಪ್ಪು ಬೂದಿ. ಇಪ್ಪತ್ತು ಚದರ ಕಿಲೋಮೀಟರ್ ಅಂದರೆ ಆಯಿತು. ಅಷ್ಟು ಜಾಗಕ್ಕಾಗಿ 36 ದಿನ ಕಾದಾಟ ನಡೆಯಿತು. ಅಮೆರಿಕದ ಕಡೆ ಸುಮಾರು 6,800 ಜನ ಸತ್ತರು. ನೆಲದೊಳಗೆ ಸುರಂಗ ಕೊರೆದು ಕೂತಿದ್ದ ಜಪಾನೀ ಸೈನಿಕರು ಇಪ್ಪತ್ತು ಸಾವಿರದಷ್ಟು, ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತರು. 1945ರ ಫೆಬ್ರವರಿ 19ರಂದು ಐರಾ ಆ ದಡದಲ್ಲಿ ಇಳಿದ. ಅವನಿಗೆ ಇದು ಮೊದಲ ಯುದ್ಧ ಅಲ್ಲ. 1942ರಲ್ಲಿ ಸೇರಿ, ಪ್ಯಾರಾಶೂಟ್ ತರಬೇತಿ ಮುಗಿಸಿ, ವೆಲ್ಲಾ ಲವೆಲ್ಲಾ, ಬೂಗನ್‌ವಿಲ್ ಅನ್ನೋ ಪೆಸಿಫಿಕ್ ದ್ವೀಪಗಳಲ್ಲಿ ಆಗಲೇ ಕಾದಿ ಬಂದಿದ್ದ. ಜೊತೆಯವರು ಅವನಿಗೆ ಇಟ್ಟ ಅಡ್ಡಹೆಸರು ಚೀಫ್ ಫಾಲಿಂಗ್ ಕ್ಲೌಡ್. ತಮಾಷೆಗೆ ಇಟ್ಟಿದ್ದೇ ಇರಬಹುದು, ಆದರೂ ಮೂಲನಿವಾಸಿ ಅಂದ ಕೂಡಲೇ ಎಲ್ಲರನ್ನೂ 'ಚೀಫ್' ಅಂತ ಕರೆಯೋದು ಆಗಿನ ಅವರ ಅಭ್ಯಾಸ. ಹೆಚ್ಚು ಮಾತಾಡುವ ಹುಡುಗ ಅಲ್ಲ ಇವನು.

ಇಳಿದ ಐದನೇ ದಿನ, ಫೆಬ್ರವರಿ 23ರಂದು, ಸೂರಿಬಾಚಿ ಬೆಟ್ಟದ ಮೇಲೆ ಬೆಳಿಗ್ಗೆ ಒಂದು ಸಣ್ಣ ಬಾವುಟ ಏರಿತು. ಅದನ್ನು ಏರಿಸಿದವರು ಬೇರೆ. ಸ್ವಲ್ಪ ಹೊತ್ತಿನ ಮೇಲೆ, ದೂರದವರಿಗೂ ಕಾಣಲಿ ಅಂತ ಇನ್ನೊಂದು ದೊಡ್ಡ ಬಾವುಟ ಕಳಿಸಿದರು. ಟೆಲಿಫೋನ್ ತಂತಿ ಎಳೆಯೋಕೆ ಅಂತ ಬೆಟ್ಟ ಹತ್ತಿದ್ದ ಐರಾ ಮತ್ತು ಅವನ ಜೊತೆಯವರು, ಜಪಾನಿಯರ ಹಳೇ ನೀರಿನ ಪೈಪೊಂದಕ್ಕೆ ಅದನ್ನು ಕಟ್ಟಿ ನಿಲ್ಲಿಸಿದರು. ಅವರ ಮಟ್ಟಿಗೆ ಅದು ಒಂದು ಕೆಲಸ, ಮುಗಿಯಿತು. ಅಸೋಸಿಯೇಟೆಡ್ ಪ್ರೆಸ್‌ನ ಜೋ ರೋಸೆಂಥಾಲ್ ಕುಳ್ಳಗಿದ್ದರಂತೆ, ಕಲ್ಲು, ಮರಳುಚೀಲ ಪೇರಿಸಿಕೊಂಡು ಅದರ ಮೇಲೆ ನಿಂತಿದ್ದರು. ಪೈಪು ಏಳುತ್ತಿದ್ದದ್ದು ಕಂಡಿತು, ಕ್ಯಾಮೆರಾ ಎತ್ತಿ ಒತ್ತಿಬಿಟ್ಟರು. ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಮುಂದಿನ ಗೋಜಲಿಗೆಲ್ಲ ಕಾರಣ ಅಷ್ಟೇ ನೋಡಿ, ಯಾರೂ ಹೆಸರು ಕೇಳಲಿಲ್ಲ.

ಎರಡು ದಿನದಲ್ಲಿ ಆ ಫೋಟೋ ಅಮೆರಿಕದ ಭಾನುವಾರದ ಪತ್ರಿಕೆಗಳ ಮುಖಪುಟದಲ್ಲಿತ್ತು. ಪುಲಿಟ್ಜರ್ ಬಹುಮಾನ ಬಂತು, 3 ಸೆಂಟಿನ ಅಂಚೆಚೀಟಿ ಬಂತು. ಅಧ್ಯಕ್ಷ ರೂಸ್‌ವೆಲ್ಟ್ ಆ ಆರು ಜನರನ್ನು ಊರಿಗೆ ಕರೆಸಿ ಅಂದರು. ಆದರೆ ಕರೆಸೋಕೆ ಆರು ಜನ ಎಲ್ಲಿದ್ದಾರೆ? ಮೈಕೆಲ್ ಸ್ಟ್ರ್ಯಾಂಕ್ ಮತ್ತು ಹಾರ್ಲನ್ ಬ್ಲಾಕ್ ಇಬ್ಬರೂ ಮಾರ್ಚ್ 1ರಂದೇ ಸತ್ತಿದ್ದರು. ಫ್ರ್ಯಾಂಕ್ಲಿನ್ ಸೌಸ್ಲಿ ಮಾರ್ಚ್ 21ರಂದು ಹೋದ. ಉಳಿದವರು ಯಾರು ಅಂತ ಹೇಳೋ ಜವಾಬ್ದಾರಿ ರೆನೆ ಗ್ಯಾಗ್ನನ್ ಅನ್ನೋ ಹುಡುಗನ ತಲೆಗೆ ಬಂತು, ಆರರಲ್ಲಿ ಅವನೂ ಒಬ್ಬ ಅಂತ ಆಗ ನಂಬಿದ್ದರು. ನನ್ನ ಹೆಸರು ಎತ್ತಬೇಡ ಅಂತ ಐರಾ ಅವನನ್ನು ಹೆದರಿಸಿಯೂ ನೋಡಿದ್ದ. ಮೇಲಿನವರು ಒತ್ತಾಯ ಮಾಡಿದಾಗ ಗ್ಯಾಗ್ನನ್ ಬಾಯಿಬಿಟ್ಟ. ಐರಾ ವಾಷಿಂಗ್ಟನ್‌ಗೆ ಬರಲೇಬೇಕಾಯಿತು.

ಬಂದು ನೋಡಿದರೆ ಪಟ್ಟಿಯಲ್ಲಿ ತಪ್ಪಿದೆ. ಪೈಪಿನ ಬುಡ ಒತ್ತುತ್ತಿರುವವನ ಹೆಸರು ಹೆನ್ರಿ ಹ್ಯಾನ್ಸನ್ ಅಂತ ಬರೆದಿದ್ದಾರೆ. ಹ್ಯಾನ್ಸನ್ ಬೆಟ್ಟದ ಮೇಲೆ ಇದ್ದದ್ದು ನಿಜ, ಮೊದಲನೇ ಬಾವುಟದ ಹತ್ತಿರ. ಎರಡನೆಯದರ ಬುಡದಲ್ಲಿ ಬಗ್ಗಿದ್ದವನು ಬ್ಲಾಕ್. ಐರಾ ಅಲ್ಲೇ ಅಧಿಕಾರಿಗೆ ಹೇಳಿದ. ಇಬ್ಬರೂ ಸತ್ತಿದ್ದಾರೆ, ಹೆಸರು ಪೇಪರಲ್ಲಿ ಬಂದಾಗಿದೆ, ಸುಮ್ಮನಿರು ಅನ್ನೋ ಉತ್ತರ ಬಂತು. ಆಗ ಅವನು ತೀರಾ ಕೆಳಗಿನ ದರ್ಜೆಯ ಸೈನಿಕ, ಬರೀ ಪ್ರೈವೇಟ್ ಫಸ್ಟ್ ಕ್ಲಾಸ್. ಸುಮ್ಮನಾದ.

ಆಮೇಲೆ ಶುರುವಾಯಿತು ಬಾಂಡ್ ಯಾತ್ರೆ. ಯುದ್ಧದ ಖರ್ಚಿಗೆ ಸರ್ಕಾರ ಜನರಿಂದ ಸಾಲ ಎತ್ತಬೇಕಿತ್ತು, 1,400 ಕೋಟಿ ಡಾಲರ್ ಗುರಿ. ಊರೂರಿಗೆ ಈ ಮೂವರನ್ನು, ಅಂದರೆ ಐರಾ, ಗ್ಯಾಗ್ನನ್ ಮತ್ತು ನೌಕಾಪಡೆಯ ವೈದ್ಯ ಸಹಾಯಕ ಜಾನ್ ಬ್ರ್ಯಾಡ್ಲಿ, ಮೆರವಣಿಗೆ ಮಾಡಿಸಿದರು. ಹಾರ, ಭಾಷಣ, ಕೈಕುಲುಕೋದು, ಮತ್ತೆ ರೈಲು. 2,600 ಕೋಟಿಗೂ ಜಾಸ್ತಿ ಬಂತು. ಹೋದಲ್ಲೆಲ್ಲ ಐರಾ ಕೈಗೆ ಒಂದು ಗ್ಲಾಸ್ ಬರುತ್ತಿತ್ತು, ಅವನೂ ಬೇಡ ಅನ್ನುತ್ತಿರಲಿಲ್ಲ. ಕೊನೆಗೆ ಕುಡಿತ ಕಣ್ಣಿಗೆ ಹೊಡೆಯುವಷ್ಟಾದಾಗ ಯಾತ್ರೆಯ ಮಧ್ಯದಲ್ಲೇ ಅವನನ್ನು ಹವಾಯಿಯಲ್ಲಿದ್ದ ಅವನ ತುಕಡಿಗೆ ವಾಪಸ್ ಕಳಿಸಿದರು. ಅದು ಅವನಿಗೆ ಶಿಕ್ಷೆ ಅಂತ ಅವರು ಅಂದುಕೊಂಡಿರಬಹುದು. ಅವನಿಗೆ ಬೇಕಾಗಿದ್ದದ್ದೂ ಅದೇ. ಮುಂದೆ ಸೋತ ಜಪಾನಿನ ಕಾವಲಿಗೂ ಹೋಗಿ, 1945ರ ಡಿಸೆಂಬರ್‌ನಲ್ಲಿ ಸೇನೆ ಬಿಟ್ಟು ಮನೆಗೆ ಬಂದ.

ಮನೆ ಅಂದರೆ ಗಿಲಾ ನದಿಯ ದಡದ ಸಾಕಟೋನ್. ನದಿ ಅನ್ನೋದು ಹೆಸರಿಗೆ. ಪೀಮಾ ಜನ ಒಂದು ಕಾಲಕ್ಕೆ ಆ ನೀರಲ್ಲಿ ಗೋಧಿ ಬೆಳೆದು ದಾರಿಹೋಕ ಬಿಳಿಯರಿಗೂ ಕೊಡುತ್ತಿದ್ದವರು. ಆಮೇಲೆ ಮೇಲಿನ ಊರುಗಳಲ್ಲಿ ನೆಲೆಸಿದ ವಲಸಿಗರು ನೀರು ತಿರುಗಿಸಿಕೊಂಡರು. ಕೆಳಗಿನ ಹೊಲ ಒಣಗಿತು, ಜನ ಹಸಿವಿಗೆ ಬಿದ್ದರು. ನೀರಿನ ಹಕ್ಕಿನ ಜಗಳ ಕಾನೂನಿನಲ್ಲಿ ಒಂದು ದಡ ಮುಟ್ಟಿದ್ದು 2004ರಲ್ಲಿ, ಐರಾ ಸತ್ತು ಅರ್ಧ ಶತಮಾನದ ಹತ್ತಿರ ಬಂದಾಗ. ಇನ್ನೊಂದು ವಿಷಯ. ಐವೊ ಜಿಮಾದ ಮೇಲೆ ಬಾವುಟ ಏರಿಸಿದ ಈ ಮನುಷ್ಯನಿಗೆ ಸ್ವಂತ ರಾಜ್ಯದಲ್ಲಿ ವೋಟು ಹಾಕೋ ಹಕ್ಕೇ ಇರಲಿಲ್ಲ. ರಿಸರ್ವೇಶನ್‌ನಲ್ಲಿ, ಅಂದರೆ ಮೂಲನಿವಾಸಿಗಳಿಗೆ ಅಂತ ಬಿಟ್ಟ ಪ್ರದೇಶದಲ್ಲಿ, ಇರೋ ಜನ ವೋಟು ಹಾಕಬಹುದು ಅಂತ ಅರಿಜೋನಾದ ಕೋರ್ಟ್ ಹೇಳಿದ್ದು 1948ರಲ್ಲಿ.

ಊರಲ್ಲಿ ಹತ್ತಿ ಬಿಡಿಸೋ ಕೂಲಿ ಮಾಡಿಕೊಂಡಿದ್ದ. ಅಲ್ಲಿಗೂ ಜನ ಕಾರಲ್ಲಿ ಬರುತ್ತಿದ್ದರಂತೆ, ನೀನೇನಾ ಬಾವುಟ ಏರಿಸಿದ ಇಂಡಿಯನ್ ಅಂತ ಕೇಳಿಕೊಂಡು. ಒಂದಿಷ್ಟು ತಿಂಗಳು ಹೀಗೆ ಕಳೆದ ಮೇಲೆ ಅವನು ಟೆಕ್ಸಸ್ ದಾರಿ ಹಿಡಿದದ್ದು.

ಹಾರ್ಲನ್ ಬ್ಲಾಕ್‌ನ ತಾಯಿ ಬೆಲ್ ಅವರ ವಿಷಯ ಇಲ್ಲಿ ಹೇಳಲೇಬೇಕು. ಫೆಬ್ರವರಿಯಲ್ಲಿ ಪೇಪರ್ ಮನೆಗೆ ಬಂದ ದಿನವೇ ಆ ಬಗ್ಗಿದ ಬೆನ್ನು ನೋಡಿ, ಇದು ನಮ್ಮ ಹಾರ್ಲನ್ ಅಂದಿದ್ದರು. ಆಗ ಮಗ ಇನ್ನೂ ಬದುಕಿದ್ದ. ಮನೆಯವರು ನಂಬಲಿಲ್ಲ. ಮುಖವೇ ಕಾಣದ ಫೋಟೋದಲ್ಲಿ ಹೇಗೆ ಗುರುತು ಹಿಡಿಯುತ್ತೀ ಅಂದರೆ, ಈ ಹುಡುಗನ ಬಟ್ಟೆ ಎಷ್ಟು ಸಲ ಬದಲಾಯಿಸಿಲ್ಲ ನಾನು, ನನಗೆ ಗೊತ್ತಾಗಲ್ವಾ ಅನ್ನೋ ಅರ್ಥದ ಮಾತು ಹೇಳಿದ್ದರಂತೆ. ಪತ್ರಿಕೆಗಳಲ್ಲಿ ಹ್ಯಾನ್ಸನ್ ಹೆಸರು ಬಂದ ಮೇಲೂ ಅವರು ಮಾತು ಬದಲಿಸಲಿಲ್ಲ. ಒಂದು ವರ್ಷ ದಾಟಿದ ಮೇಲೆ, ಗುರುತು ಪರಿಚಯ ಇಲ್ಲದ ಒಬ್ಬ ಪೀಮಾ ಹುಡುಗ ಗಂಡನ ಹೊಲಕ್ಕೆ ನಡೆದು ಬಂದು, ಅದು ನಿಮ್ಮ ಮಗನೇ ಅಂತ ಹೇಳಿ ಹೋದ. ಬೆಲ್ ಸಂಸದರಿಗೆ ಕಾಗದ ಬರೆದರು, ಮರೀನ್ ಪಡೆ ತನಿಖೆ ಮಾಡಿತು, ಐರಾ ಹೇಳಿಕೆ ಕೊಟ್ಟ. 1947ರ ಜನವರಿಯಲ್ಲಿ ಹೆಸರು ತಿದ್ದಿದರು.

ಇದರಿಂದ ಅವನಿಗೇನು ಲಾಭ? ಏನೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವನನ್ನು ಕೇಳೋರು ಇರಲಿಲ್ಲ. ಅಧಿಕಾರಿಗಳಿಗೆ ಫೋಟೋ ಬೇಕಿತ್ತು, ಖಜಾನೆಗೆ ದುಡ್ಡು ಬೇಕಿತ್ತು, ಹೆಸರು ಒಂದು ಹೆಚ್ಚುಕಡಿಮೆಯಾದರೆ ಯಾರಿಗೂ ನಷ್ಟ ಇರಲಿಲ್ಲ, ಒಬ್ಬ ತಾಯಿಗೆ ಬಿಟ್ಟರೆ. ಅದು ಇವನಿಗೆ ಹೊಳೆಯಿತು ನೋಡಿ.

ಇನ್ನು ಕುಡಿತ. ಮುಚ್ಚಿಡೋದು ಬೇಡ. ಐವತ್ತು ಸಲದಷ್ಟು ಪೊಲೀಸರು ಹಿಡಿದಿದ್ದಾರೆ. 1953ರವರೆಗೂ ಮೂಲನಿವಾಸಿಗಳಿಗೆ ಹೆಂಡ ಮಾರೋದೇ ಅಲ್ಲಿ ಅಪರಾಧ ಅನ್ನೋದನ್ನೂ ಜೊತೆಗೆ ನೆನಪಿಡಿ. ಅದೇ ವರ್ಷ ಸರ್ಕಾರ ಅವನನ್ನು ಷಿಕಾಗೋಗೆ ಕಳಿಸಿ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸಿತು. ಕೆಲವೇ ತಿಂಗಳಲ್ಲಿ ಬೀದಿಯಲ್ಲಿ ಸಿಕ್ಕ. ಒಂದು ಪತ್ರಿಕೆ ಚಂದಾ ಎತ್ತಿ ಆಸ್ಪತ್ರೆಗೆ ಸೇರಿಸಿತು. ಲಾಸ್ ಏಂಜಲೀಸ್‌ನಲ್ಲಿ ಒಬ್ಬರ ಮನೆಯಲ್ಲಿ ಡ್ರೈವರ್ ಕೆಲಸ ಸಿಕ್ಕಿತು, ಅದೂ ನಿಲ್ಲಲಿಲ್ಲ. ತನ್ನ ಪ್ಲಟೂನಿನ 45 ಜನರಲ್ಲಿ ಉಳಿದವರು ಐದೇ ಜನ, ಹೀಗಿರುವಾಗ ನಾನೆಂಥ ಹೀರೋ ಅಂತ ಅವನೇ ಕೇಳಿದ್ದುಂಟು. ಯುದ್ಧದಂಥ ಆಘಾತ ಕಂಡವರ ಮನಸ್ಸಿಗೆ ಬರೋ ಪಿಟಿಎಸ್‌ಡಿ ಅನ್ನೋ ಕಾಯಿಲೆಯ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ. ಅದಕ್ಕೆ ಮುಂಚೆ ಇವನಂಥವರಿಗೆ ಇದ್ದದ್ದು ಒಂದೇ ಹೆಸರು, ಕುಡುಕ.

1954ರ ನವೆಂಬರ್ 10ರಂದು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಆ ಫೋಟೋದ ಭಾರೀ ಕಂಚಿನ ಶಿಲ್ಪ ಉದ್ಘಾಟನೆಯಾಯಿತು. ಮಾಡಿದವರು ಫೀಲಿಕ್ಸ್ ಡಿ ವೆಲ್ಡನ್. ಒಂದೊಂದು ಆಕೃತಿಯೂ ಮೂವತ್ತೆರಡು ಅಡಿ ಎತ್ತರ. ಐರಾನನ್ನು ಎದುರಿಗೆ ಕೂರಿಸಿಕೊಂಡೇ ಅವನ ಮುಖ ಮಾಡಿದ್ದರು. ಅಧ್ಯಕ್ಷ ಐಸೆನ್‌ಹೋವರ್ ಬಂದಿದ್ದರು, ಐರಾನೂ ಇದ್ದ. ಈ ವೈಭವ ಎಲ್ಲ ಹೇಗನ್ನಿಸುತ್ತೆ ಅಂತ ವರದಿಗಾರನೊಬ್ಬ ಕೇಳಿದ್ದಕ್ಕೆ ಇಷ್ಟವಿಲ್ಲ ಅಂದನಂತೆ. ಅದಾಗಿ ಮೂರು ತಿಂಗಳೂ ಕಳೆಯಲಿಲ್ಲ. 1955ರ ಜನವರಿ 24ರ ಬೆಳಿಗ್ಗೆ ಸಾಕಟೋನ್‌ನಲ್ಲಿ, ರಾತ್ರಿ ಇಸ್ಪೀಟು ಆಡಿ ಕುಡಿದ ಜಾಗದ ಹತ್ತಿರವೇ ಅವನ ಹೆಣ ಸಿಕ್ಕಿತು. ಚಳಿ ಮತ್ತು ಮದ್ಯ ಅಂತ ಕಾರಣ ಬರೆದರು. ವಯಸ್ಸು 32. ಆರ್ಲಿಂಗ್ಟನ್ ಸ್ಮಶಾನದಲ್ಲೇ ಮಣ್ಣು ಮಾಡಿದರು. ಸಾಕಟೋನ್‌ನ ಮಾಜಿ ಸೈನಿಕರ ಸಂಘಕ್ಕೆ ಇವತ್ತಿಗೂ ಅವನ ಹೆಸರೇ ಇದೆ.

ಫೋಟೋದ ಕತೆ ಅಲ್ಲಿಗೂ ಮುಗಿಯಲಿಲ್ಲ. ಅದೇ ದಿನ ಬೆಟ್ಟದ ಮೇಲೆ ತೆಗೆದ ಬೇರೆ ಫೋಟೋಗಳಲ್ಲಿ ಹೆಲ್ಮೆಟ್, ಬೆಲ್ಟು, ಬಂದೂಕಿನ ಪಟ್ಟಿ ಎಲ್ಲವನ್ನೂ ಹೋಲಿಸಿ ನೋಡಿದವರು ಹೊಸ ಅನುಮಾನ ತೆಗೆದರು. 2016ರಲ್ಲಿ ಮರೀನ್ ಪಡೆ ಒಪ್ಪಿಕೊಂಡಿತು, ಬ್ರ್ಯಾಡ್ಲಿ ಅದರಲ್ಲಿಲ್ಲ, ಇದ್ದವನು ಹೆರಾಲ್ಡ್ ಶುಲ್ಟ್ಸ್ ಅಂತ. ಲಾಸ್ ಏಂಜಲೀಸ್‌ನ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿಕೊಂಡು 1995ರಲ್ಲಿ ತೀರಿಹೋಗಿದ್ದ ಮನುಷ್ಯ, ಹೊರಗೆ ಯಾರಿಗೂ ಹೇಳಿಕೊಂಡಿರಲಿಲ್ಲ. 2019ರಲ್ಲಿ ಗ್ಯಾಗ್ನನ್ ಹೆಸರೂ ಹೋಯಿತು, ಅಲ್ಲಿಗೆ ಹೆರಾಲ್ಡ್ ಕೆಲ್ಲರ್ ಅನ್ನೋ ಅಯೋವಾದವನ ಹೆಸರು ಬಂತು. ಅಂದರೆ ಊರೂರು ಮೆರವಣಿಗೆ ಹೋದ ಮೂವರಲ್ಲಿ, ಐವೊ ಜಿಮಾ ಬಗ್ಗೆ ಬಂದ ಒಂದು ಸಿನಿಮಾದಲ್ಲಿ ತಮ್ಮ ಪಾತ್ರಕ್ಕೆ ತಾವೇ ನಿಂತ ಮೂವರಲ್ಲಿ, ನಿಜವಾಗಿ ಫೋಟೋದಲ್ಲಿ ಇದ್ದವನು ಒಬ್ಬನೇ. ಹೆಸರು ಎತ್ತಬೇಡ ಅಂದವನು.

ಹಾರ್ಲನ್ ಬ್ಲಾಕ್‌ನನ್ನು ಮೊದಲು ವೆಸ್ಲಾಕೊದಲ್ಲಿ ಮಣ್ಣು ಮಾಡಿದ್ದರು. 1995ರಲ್ಲಿ ಆ ಅವಶೇಷ ತೆಗೆದು ಅಲ್ಲಿಂದ ಅಷ್ಟೇನೂ ದೂರವಿಲ್ಲದ ಹಾರ್ಲಿಂಜನ್ ಊರಿಗೆ ಒಯ್ದರು. ಆರ್ಲಿಂಗ್ಟನ್ ಶಿಲ್ಪಕ್ಕಾಗಿ ಮಾಡಿದ ಮೂಲ ಪ್ಲಾಸ್ಟರ್ ಮಾದರಿ ಅಲ್ಲಿಯ ಮರೀನ್ ಶಾಲೆಯ ಮುಂದೆ ನಿಂತಿದೆ, ಅದರ ಪಕ್ಕದಲ್ಲೇ ಅವನ ಸಮಾಧಿ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ನೋಡಿ ಬನ್ನಿ.

ನಮಸ್ಕಾರ.