ಆಕ್ಸಿಜನ್ ಸೆನ್ಸರ್ ಎಗ್ಸಾಸ್ಟ್ ಪೈಪಿನಲ್ಲಿ ಎಲ್ಲಿ ಕೂರಬೇಕು?

(ದೃಶ್ಯ: ಲಿಫ್ಟ್ ಮೇಲೆ ನಿಂತಿರುವ ಕಾರು. ಕ್ಯಾಮೆರಾ ಎಂಜಿನ್ ಕಡೆಯಿಂದ ಹಿಂದಕ್ಕೆ ಎಗ್ಸಾಸ್ಟ್ ಪೈಪಿನ ಉದ್ದಕ್ಕೂ ಸಾಗುತ್ತದೆ.)

ನಮಸ್ಕಾರ. ಕಾರಿಗೆ ಹೊಸದಾಗಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಅಂದರೆ ಹೊಗೆಯಲ್ಲಿರುವ ಆಕ್ಸಿಜನ್ ನೋಡಿ ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ ಹೇಳುವ ಸೆನ್ಸರ್, ಹಾಕಿಸಲು ಹೊರಟವರು ಮೊದಲು ಕೇಳುವುದು, ಯಾವ ಕಂಪನಿಯದು ತಗೊಳ್ಳಲಿ ಅಂತ. ಎಲ್ಲಿ ಕೂರಿಸಬೇಕು ಅನ್ನುವುದನ್ನು ವೆಲ್ಡಿಂಗ್ ಮಾಡುವವರಿಗೇ ಬಿಟ್ಟುಬಿಡುತ್ತಾರೆ. ಅವರು ಕೈ ಸಲೀಸಾಗಿ ಹೋಗುವ ಕಡೆ ತೂತು ಕೊರೆಯುತ್ತಾರೆ. ಆಮೇಲೆ ಆ ಅಳತೆ ತೋರಿಸುವ ಮೀಟರ್ ಸುಳ್ಳು ಹೇಳುತ್ತದೆ, ಇಲ್ಲವೇ ಸೆನ್ಸರ್ ಬೇಗ ಸಾಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಜೊತೆಗೇ ಬಂದ ಸೆನ್ಸರ್‌ಗಳನ್ನು ಇದ್ದಲ್ಲಿಯೇ ಬಿಡಿ. ಈ ವಿಡಿಯೋ ಇರುವುದು ಟ್ಯೂನಿಂಗ್‌ಗೆ ಅಂತ ಇನ್ನೊಂದು ಸೆನ್ಸರ್ ಸೇರಿಸುವವರಿಗೆ, ಅಥವಾ ಎಗ್ಸಾಸ್ಟ್ ಪೂರ್ತಿ ಬದಲಾಯಿಸುತ್ತಿರುವವರಿಗೆ.

(ದೃಶ್ಯ: ಸೆನ್ಸರ್ ತುದಿಯ ಹತ್ತಿರದ ಚಿತ್ರ. ತೂತುಗಳಿರುವ ಲೋಹದ ಟೋಪಿ.)

ಈ ಟೋಪಿಯ ಒಳಗೆ ಜಿರ್ಕೋನಿಯಾದ ಸಣ್ಣ ಸೆರಾಮಿಕ್ ತುಂಡು ಇದೆ. ಅದು ಚೆನ್ನಾಗಿ ಕಾದಾಗಲೇ ಕೆಲಸ ಮಾಡುತ್ತದೆ. ಬಾಷ್ ಎಲ್‌ಎಸ್‌ಯು 4.9 ಮಾದರಿಯಲ್ಲಿ ಒಳಗಿನ ಹೀಟರ್ ಅದನ್ನು ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತದೆ. ಈ ಅಂಕಿ ನೆನಪಿರಲಿ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಈಗ ನೀರಿನ ವಿಷಯಕ್ಕೆ ಬರೋಣ. 1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ 1 ಲೀಟರ್‌ನಷ್ಟೇ ನೀರು ಹುಟ್ಟುತ್ತದೆ. ನಂಬೋದು ಕಷ್ಟ, ಅಲ್ವಾ? ಎಂಜಿನ್ ಬಿಸಿಯಾದ ಮೇಲೆ ಅದು ಆವಿಯಾಗಿ ಹೋಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಬೆಳಿಗ್ಗೆ ತಣ್ಣಗಿರುವ ಕಾರು ಸ್ಟಾರ್ಟ್ ಮಾಡಿದಾಗ ಪೈಪಿನ ಒಳಗೋಡೆಗೆ ತಾಗಿ ಹನಿಗಟ್ಟುತ್ತದೆ, ಹರಿದು ತಳದಲ್ಲಿ ನಿಲ್ಲುತ್ತದೆ. ಕಾದ ಸೆರಾಮಿಕ್‌ಗೆ ಆ ನೀರಿನ ಒಂದು ಹನಿ ಸಿಡಿದರೂ ಸಾಕು, ಬಿರುಕು ಬಿಡುತ್ತದೆ. ಸೆನ್ಸರ್ ಅಲ್ಲಿಗೆ ಮುಗಿಯಿತು.

(ದೃಶ್ಯ: ಪೈಪನ್ನು ಅಡ್ಡ ಕತ್ತರಿಸಿದ ಚಿತ್ರ, ಅದರ ಮೇಲೆ ಗಡಿಯಾರದ ಅಂಕಿಗಳು.)

ಪೈಪನ್ನು ಕತ್ತರಿಸಿ ಎದುರಿನಿಂದ ನೋಡುತ್ತಿದ್ದೀರಿ ಅಂದುಕೊಳ್ಳಿ. ಗಡಿಯಾರದಲ್ಲಿ 10 ಗಂಟೆಯಿಂದ 2 ಗಂಟೆಯವರೆಗಿನ ಜಾಗ ಸೆನ್ಸರ್‌ನದು. ಜಾಗ ತೀರಾ ಇಕ್ಕಟ್ಟಾಗಿದ್ದರೆ ಇನ್ನೂ ಸ್ವಲ್ಪ ವಾಲಿಸಬಹುದು, ಆದರೆ ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಿರಲೇಬೇಕು. ತುದಿ ಯಾವಾಗಲೂ ಕೆಳಮುಖವಾಗಿರಬೇಕು. ಆಗ ಒಳಗೆ ಸೇರಿದ ನೀರು ತಾನಾಗಿ ಇಳಿದುಹೋಗುತ್ತದೆ. ಪೈಪಿನ ತಳಭಾಗ, ಅಂದರೆ 6 ಗಂಟೆಯ ಜಾಗ, ಕೈಗೆ ಎಷ್ಟೇ ಸಲೀಸಾಗಿದ್ದರೂ ಬೇಡವೇ ಬೇಡ. ನನ್ನ ಪ್ರಕಾರ ಎಂಜಿನ್‌ನಿಂದ ಇರುವ ದೂರದ ಲೆಕ್ಕದಲ್ಲಿ ಒಂದು ಗೇಣು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಈ ಕೋನ ತಪ್ಪಿದರೆ ನಡೆಯುವುದಿಲ್ಲ.

ಎಂಜಿನ್‌ನಿಂದ ಎಷ್ಟು ದೂರ? ಟರ್ಬೊ ಇಲ್ಲದ ಎಂಜಿನ್ ಆದರೆ ನಾಲ್ಕೂ ಸಿಲಿಂಡರ್‌ಗಳ ಪೈಪು ಸೇರುವ ಜಾಗ ದಾಟಿದ ಮೇಲೆ ಹಾಕಿ. ಎಂಜಿನ್ ತಲೆಯಿಂದ ಸುಮಾರು 60 ಸೆಂಟಿಮೀಟರ್ ಅಂದರೆ ಒಳ್ಳೆಯ ಲೆಕ್ಕ. ಪೈಪುಗಳು ಸೇರುವುದಕ್ಕಿಂತ ಮೊದಲೇ ಒಂದೇ ಸಿಲಿಂಡರ್‌ನ ಪೈಪಿಗೆ ಹಾಕಿದರೆ ಆ ಒಂದರ ಕಥೆ ಮಾತ್ರ ಗೊತ್ತಾಗುತ್ತದೆ. ಶಾಖವೂ ಜಾಸ್ತಿ. ತುದಿ ಶಾಖ ತಡೆಯುತ್ತದೆ, ಸ್ಪ್ಯಾನರ್ ಹಿಡಿಯುವ ಆರು ಮೂಲೆಯ ಭಾಗ ಅಷ್ಟು ತಡೆಯುವುದಿಲ್ಲ. ಮಾದರಿ ನೋಡಿಕೊಂಡು ಅದರ ಮಿತಿ 500ರಿಂದ 600 ಡಿಗ್ರಿ. ತೀರಾ ದೂರ ಹಾಕಿದರೆ ಬೇರೆ ತೊಂದರೆ: ಎಂಜಿನ್‌ನಲ್ಲಿ ಆದದ್ದು ಮೀಟರ್‌ಗೆ ತಡವಾಗಿ ತಲುಪುತ್ತದೆ.

ಟರ್ಬೊ ಇದ್ದರೆ ಟರ್ಬೊ ದಾಟಿದ ಮೇಲೆ, 60ರಿಂದ 90 ಸೆಂಟಿಮೀಟರ್ ಹಿಂದೆ. ಟರ್ಬೊಗಿಂತ ಮೊದಲು, ಎಂಜಿನ್ ಕಡೆಗೆ, ಹೊಗೆಯ ಒತ್ತಡ ಜಾಸ್ತಿ ಇರುತ್ತದೆ. ಒತ್ತಡ ಏರಿದರೆ ವೈಡ್‌ಬ್ಯಾಂಡ್ ಎಲ್ಲವನ್ನೂ ಉಬ್ಬಿಸಿ ಹೇಳುತ್ತದೆ. ರಿಚ್ (ಪೆಟ್ರೋಲ್ ಜಾಸ್ತಿ) ಇದ್ದದ್ದು ಇನ್ನೂ ರಿಚ್, ಲೀನ್ (ಗಾಳಿ ಜಾಸ್ತಿ) ಇದ್ದದ್ದು ಇನ್ನೂ ಲೀನ್. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಸೆನ್ಸರ್ ಅದಕ್ಕಿಂತ ಮೊದಲೇ ಬರಬೇಕು. ಅದರ ಒಳಗೆ ಆಕ್ಸಿಜನ್ ಖರ್ಚಾಗುತ್ತದೆ, ಆಮೇಲೆ ಅಳೆದು ಏನು ಪ್ರಯೋಜನ?

(ದೃಶ್ಯ: ಜಾಯಿಂಟ್ ಹತ್ತಿರ ಕಪ್ಪು ಮಸಿ ಕೂತ ಪೈಪ್.)

ಇಲ್ಲಿ ನೋಡಿ, ಜಾಯಿಂಟ್ ಸುತ್ತ ಮಸಿ. ಅಂದರೆ ಲೀಕ್ ಇದೆ. ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಎಂಜಿನ್ ಹೊಗೆಯನ್ನು ತಳ್ಳಿ ತಳ್ಳಿ ಬಿಡುವ ನಡುವೆ ಹೊರಗಿನ ಗಾಳಿ ಒಳಗೂ ಬರುತ್ತದೆ. ಸೆನ್ಸರ್‌ಗೆ ಅದು ಹೆಚ್ಚುವರಿ ಆಕ್ಸಿಜನ್. ಮಿಕ್ಸ್ಚರ್ ಸರಿಯಾಗಿ 14.7, ಅಂದರೆ ತೂಕದಲ್ಲಿ 1 ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ, ಇದ್ದರೂ ಲೀನ್ ಅಂತ ತೋರಿಸುತ್ತದೆ. ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಮಾಡಿದರೆ ಕಪ್ಪು ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ. ಪೈಪಿನ ಕೊನೆಯ ಹತ್ತಿರ ಹಾಕಿದರೂ ಇದೇ ಗೋಳು, ಅದರಲ್ಲೂ ಐಡ್ಲಿಂಗ್‌ನಲ್ಲಿ. ಹಾಗೆಯೇ, ಒಂದು ಸಿಲಿಂಡರ್ ಮಿಸ್ ಹೊಡೆದರೂ ಉರಿಯದ ಆಕ್ಸಿಜನ್ ಹಾಗೇ ಬಂದು ಲೀನ್ ತೋರಿಸುತ್ತದೆ. ಆಗ ಜಾಗವನ್ನು ಬೈಯಬೇಡಿ, ಸ್ಪಾರ್ಕ್ ಪ್ಲಗ್ ನೋಡಿ.

ವೆಲ್ಡಿಂಗ್ ಮಾಡುವಾಗ ಹೊಸ ಸೆನ್ಸರ್ ಪೈಪಿನಲ್ಲಿ ಇರಬಾರದು. ಪೈಪಿಗೆ ಬೆಸೆಯುವ ಥ್ರೆಡ್ ಬಳೆ, ಅಂದರೆ ಬಂಗ್, ಬಿಸಿಗೆ ಸೊಟ್ಟಗಾಗುತ್ತದೆ. ಅದಕ್ಕೇ ಒಂದು ಹಾಳಾದ ಹಳೆ ಸೆನ್ಸರನ್ನು ಅದಕ್ಕೆ ತಿರುಗಿಸಿಟ್ಟು ಬೆಸೆಯಿರಿ. ಬಹುತೇಕ ಎಲ್ಲ ಕಾರ್ ಸೆನ್ಸರ್‌ಗಳ ಥ್ರೆಡ್ 18 ಮಿಲಿಮೀಟರ್, ಪಿಚ್ 1.5. ತುದಿ ಪೈಪಿನ ಒಳಗೆ ಹೊಗೆ ಹರಿಯುವ ಕಡೆಗೆ ಚಾಚಿರಲಿ, ಬಂಗ್‌ನ ಗುಂಡಿಯಲ್ಲಿ ಅಡಗಿ ಕೂರಬಾರದು. ಬಿಗಿ 40ರಿಂದ 60 ನ್ಯೂಟನ್ ಮೀಟರ್. ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿ ಸೀಜ್ ಪೇಸ್ಟ್ ಥ್ರೆಡ್‌ಗೆ ಮಾತ್ರ, ತುದಿಗೆ ಸೋಕಬಾರದು. ಸಿಲಿಕೋನ್ ಸೀಲಂಟ್ ಅಂತೂ ಹತ್ತಿರ ಕೂಡ ತರಬೇಡಿ, ಅದರ ಆವಿಯೇ ಸೆನ್ಸರ್‌ಗೆ ವಿಷ.

(ದೃಶ್ಯ: ಬಂಗ್‌ಗೆ ಪ್ಲಗ್ ತಿರುಗಿಸುವ ಕೈ.)

ಇನ್ನೊಂದು. ಟ್ಯೂನಿಂಗ್ ಮುಗಿಯಿತು ಅಂತ ಮೀಟರ್ ಬಿಚ್ಚಿಟ್ಟು, ಸೆನ್ಸರನ್ನು ಸುಮ್ನೆ ಪೈಪಿನಲ್ಲೇ ಬಿಡುವವರಿದ್ದಾರೆ. ಹೀಟರ್‌ಗೆ ಕರೆಂಟ್ ಇಲ್ಲದೆ ಎಂಜಿನ್ ಓಡಿದರೆ ಸೆರಾಮಿಕ್ ಮೇಲೆ ಮಸಿ ಕೂರುತ್ತದೆ. ಮೀಟರ್ ಬಿಚ್ಚಿದ ದಿನವೇ ಸೆನ್ಸರನ್ನೂ ಬಿಚ್ಚಿ, ಬಂಗ್‌ಗೆ ಪ್ಲಗ್ ಹಾಕಿ ಬಿಗಿ ಮಾಡಿ.