ಬಾಗಿಲು ಮುಚ್ಚಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಮಾನದ ಟಾಯ್ಲೆಟ್‌ಗೆ ಹೋದಾಗ ಒಂದು ವಿಚಿತ್ರ ಗಮನಿಸಿದ್ದೀರಾ? ಸಿಗರೇಟು ಸೇದಬಾರದು ಅಂತ ಚಿತ್ರ ಹಾಕಿರುತ್ತಾರೆ. ಅಲ್ಲೇ ಬಾಗಿಲಿಗೆ ಪುಟ್ಟದೊಂದು ಆಶ್‌ಟ್ರೇ ಕೂಡ ಇಟ್ಟಿರುತ್ತಾರೆ. ಸೇದಬೇಡ ಅಂದಮೇಲೆ ಬೂದಿ ಕೊಡವಲು ಜಾಗ ಯಾಕೆ ಅಂತ ನಗು ಬರಬಹುದು. ಆದರೆ ಎಷ್ಟು ಹೇಳಿದರೂ ಸೇದುವವನು ಸೇದುತ್ತಾನೆ. ಸಿಕ್ಕಿಬೀಳುವ ಭಯಕ್ಕೆ ತುಂಡನ್ನು ಕಾಗದ ತುಂಬಿದ ಕಸದ ಡಬ್ಬಿಗೆ ಎಸೆದುಬಿಡುತ್ತಾನೆ. 1973ರ ಜುಲೈನಲ್ಲಿ ಬ್ರೆಜಿಲ್‌ನಿಂದ ಹೊರಟ ವಿಮಾನವೊಂದರಲ್ಲಿ ಪ್ಯಾರಿಸ್ ಹತ್ತಿರ ಬರುವಾಗ ಟಾಯ್ಲೆಟ್‌ನಲ್ಲಿ ಬೆಂಕಿ ಹತ್ತಿತು. 123 ಜನ ಸತ್ತರು. ಸಿಗರೇಟಿನ ತುಂಡೇ ಕಾರಣ ಇರಬಹುದು ಅಂತ ಆಮೇಲೆ ಅಂದಾಜು ಮಾಡಿದರು. ಅದಕ್ಕೇ ತಪ್ಪು ಮಾಡುವವನಿಗೂ ಬೆಂಕಿ ಆರಿಸಲು ಒಂದು ಜಾಗ.

ನಾನು ಹದಿನಾರು ವರ್ಷ ಕ್ಯಾಬಿನ್ ಕ್ರೂ ಆಗಿ ಕೆಲಸ ಮಾಡಿದೆ. ಪತ್ರಿಕೆಗಳಲ್ಲಿ ಗಗನಸಖಿ ಅಂತ ಬರೆಯುತ್ತಾರೆ. ಪದ ಚೆನ್ನಾಗಿದೆ. ಆದರೆ ರಾತ್ರಿ ಎರಡು ಗಂಟೆಗೆ ಕುಡಿದು ಕೂಗಾಡುವವನ ಎದುರು ನಿಂತಾಗ ಸಖಿ ಅನ್ನಿಸುವುದಿಲ್ಲ, ಅಷ್ಟೇ.

ಬಸ್ಸಿನಲ್ಲಿ ಯಾರಾದರೂ ಗಲಾಟೆ ಮಾಡಿದರೆ ಕಂಡಕ್ಟರ್ ಏನು ಮಾಡುತ್ತಾರೆ? ಸೀಟಿ ಊದಿ, "ಇಳೀರಿ ಕೆಳಗೆ" ಅಂತಾರೆ. ನಮಗೆ ಆ ಸೌಭಾಗ್ಯ ಇಲ್ಲ. 180 ಸೀಟಿನ ವಿಮಾನದಲ್ಲಿ ಸಾಮಾನ್ಯವಾಗಿ ನಾವು ನಾಲ್ಕು ಜನ. ಕ್ಯಾಪ್ಟನ್ ಬಂದು ಬಿಡಿಸಬಹುದಲ್ವಾ ಅಂತ ಕೇಳುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಕಾಕ್‌ಪಿಟ್ ಬಾಗಿಲು ಗಟ್ಟಿಯಾಯಿತು, ಹಾರುವಾಗ ಬೀಗ ಬಿದ್ದೇ ಇರುತ್ತದೆ. ಇಂಟರ್‌ಫೋನ್‌ನಲ್ಲಿ ಅವರಿಗೆ ಹೇಳಬಹುದು. ಅವರು ಹೊರಗೆ ಬರುವ ಹಾಗಿಲ್ಲ. ಪೊಲೀಸ್, ಕೇಸು, ಕೋರ್ಟು ಎಲ್ಲ ಕೆಳಗೆ ನೆಲದ ಮೇಲೆ.

ಕುಡಿತದ ವಿಷಯ ಬೇರೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ಹೊರದೇಶದ ವಿಮಾನಗಳಲ್ಲಿ ಕೆಲವು ಕಡೆ ಕೊಡುತ್ತಾರೆ. ತಾನೇ ತಂದ ಬಾಟಲಿ ತೆರೆದು ಕುಡಿಯುವುದು ಎಲ್ಲೂ ತಪ್ಪು. ಇನ್ನೊಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ ಎತ್ತರ. ಹಾರುವ ವಿಮಾನದ ಒಳಗಿನ ಗಾಳಿ ಅದಕ್ಕಿಂತಲೂ ತೆಳುವಾಗಿರಬಹುದು, 8,000 ಅಡಿಯ ಬೆಟ್ಟದ ಮೇಲಿದ್ದ ಹಾಗೆ. ಜೊತೆಗೆ ಗಂಟಲು ಒಣಗುತ್ತದೆ, ನಿದ್ದೆ ಕೆಟ್ಟಿರುತ್ತದೆ, ಹೊಟ್ಟೆ ಖಾಲಿ. ಊರಲ್ಲಿ ಮೂರು ಪೆಗ್ ತಡೆದುಕೊಳ್ಳುವವನು ಮೇಲೆ ಎರಡಕ್ಕೇ ಬೇರೆ ಮನುಷ್ಯ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ದುಬೈನಿಂದ ಬೆಂಗಳೂರಿಗೆ ಬರುತ್ತಿದ್ದೆವು. ಹೊರಟಿದ್ದೇ ಮೂರು ಗಂಟೆ ತಡ. ಹಿಂದಿನ ಸಾಲಿನಲ್ಲಿ ಒಬ್ಬರು ಡ್ಯೂಟಿ ಫ್ರೀ ಬಾಟಲಿಯಿಂದ ಕೋಲಾ ಬಾಟಲಿಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ನಮ್ಮ ಹೊಸ ಹುಡುಗಿ, ಕೆಲಸಕ್ಕೆ ಸೇರಿ ಎರಡೇ ತಿಂಗಳು, ಹೋಗಿ "ಕುಡಿಯಬಾರದು ಸರ್" ಅಂದಳು. ಅವರು ಎದ್ದು ನಿಂತು ಶುರುಮಾಡಿದರು. ಬೈಗುಳ ಇಲ್ಲಿ ಹೇಳುವಂಥದ್ದಲ್ಲ. ಹಿಂದಿನ ಸೀಟಿನ ಹುಡುಗ ಆಗಲೇ ಮೊಬೈಲ್ ಎತ್ತಿದ್ದ. ಕ್ಯಾಮೆರಾ ಕಂಡರೆ ಬೈಯುವವರ ದನಿ ಇನ್ನೂ ಏರುತ್ತದೆ.

ನಾನು ಮೊದಲು ಮಾಡಿದ್ದು ಆ ಹುಡುಗಿಯನ್ನು ಗ್ಯಾಲಿಗೆ, ಅಂದರೆ ನಮ್ಮ ಅಡುಗೆಕಟ್ಟೆಗೆ, ಕಳಿಸಿದ್ದು. ತಪ್ಪು ಅವಳದಲ್ಲ. ಆದರೆ ಯಾರ ಮೇಲೆ ಸಿಟ್ಟು ಬಂದಿದೆಯೋ ಆ ಮುಖ ಕಣ್ಣೆದುರು ಇರಬಾರದು. ಆಮೇಲೆ ನಾನು ಸೀಟಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ನನ್ನ ಕಣ್ಣು ಅವರ ಕಣ್ಣಿಗಿಂತ ಕೆಳಗೆ. ಕೆಳಗೆ ಕೂತವರ ಹತ್ತಿರ ನಿಂತುಕೊಂಡು ಜಗಳ ಆಡುವುದು ಕಷ್ಟ. ಅವರೂ ಕೂತರು.

"ಯಾವೂರು ಅಣ್ಣಾ?"

ಕನ್ನಡ ಕೇಳಿ ಒಂದು ಗಳಿಗೆ ಸುಮ್ಮನಾದರು. "ಅರಸೀಕೆರೆ ಹತ್ರ" ಅಂದರು. ಆಮೇಲೆ, "ಆರೂವರೆಗೆ ಧಾರೆ. ತಂಗೀದು."

ಗಡಿಯಾರ ನೋಡಿದೆ. ನಾವು ದೇವನಹಳ್ಳಿಯಲ್ಲಿ ಇಳಿಯುವ ಹೊತ್ತಿಗೇ ಆರು ದಾಟುತ್ತಿತ್ತು. ಏನೂ ಆಗಲ್ಲ ಬಿಡಿ ಅಂತ ಹೇಳಲಿಲ್ಲ. ಆಗುತ್ತಿತ್ತಲ್ಲ. "ಊಟ ಆಯ್ತಾ?" ಅಂತ ಕೇಳಿದೆ. ಆಗಿರಲಿಲ್ಲ. "ಈ ಬಾಟ್ಲಿ ಮದುವೆ ಮನೆಗೆ ಅಂತ ತಂದಿದ್ದು ಅಲ್ವಾ? ಇಲ್ಲೇ ಖಾಲಿ ಮಾಡಿದ್ರೆ ಹೇಗೆ? ನಾನು ಜೋಪಾನವಾಗಿ ಇಟ್ಟಿರ್ತೀನಿ, ಇಳಿಯುವಾಗ ತಗೊಳ್ಳಿ." ಅವರು ಮುಚ್ಚಳ ಹಾಕಿ ಕೊಟ್ಟರು. ಕಿತ್ತುಕೊಂಡಿದ್ದರೆ ಕೊಡುತ್ತಿರಲಿಲ್ಲ.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಾನು ಹೀಗೆ ಮಾತಾಡುವಾಗ ನನ್ನ ಸಹೋದ್ಯೋಗಿ ಕ್ಯಾಪ್ಟನ್‌ಗೆ ವಿಷಯ ಮುಟ್ಟಿಸಿ, ಪರದೆಯ ಹಿಂದೆ ಪ್ಲಾಸ್ಟಿಕ್ ಕೈಕೋಳ ತೆಗೆದಿಟ್ಟುಕೊಂಡು ನಿಂತಿದ್ದರು.

ಎಲ್ಲರಿಗೂ ಈ ಉಪಚಾರ ಅಂತ ತಿಳಿಯಬೇಡಿ. ತಂಗಿಯ ಧಾರೆ ತಪ್ಪಿತು ಅಂತ ಕೂಗುವವರು ಬೇರೆ, ಟ್ರೇ ಹಿಡಿದು ಹೋಗುವಾಗ ಸೊಂಟಕ್ಕೆ ಕೈ ಹಾಕುವವನು ಬೇರೆ. 2017ರಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ ಮಾಡಿದ ನಿಯಮವೂ ಇದನ್ನು ಬೇರೆ ಬೇರೆಯಾಗಿಯೇ ನೋಡಿತು. ಬಾಯಿಮಾತಿನ ಗಲಾಟೆಗೆ 3 ತಿಂಗಳವರೆಗೆ ಹಾರಾಟ ಬಂದ್. ಕೈ ಮಾಡಿದರೆ, ಮೈ ಮುಟ್ಟಿದರೆ 6 ತಿಂಗಳವರೆಗೆ. ಜೀವಕ್ಕೆ ಅಪಾಯ ತಂದರೆ, ಕಾಕ್‌ಪಿಟ್‌ಗೆ ನುಗ್ಗಲು ನೋಡಿದರೆ ಕನಿಷ್ಠ 2 ವರ್ಷ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಸಮಿತಿ 30 ದಿನದಲ್ಲಿ ತೀರ್ಮಾನಿಸಬೇಕು. ಒಬ್ಬ ಸಂಸದರು ವಿಮಾನದ ಸಿಬ್ಬಂದಿಗೆ ಚಪ್ಪಲಿಯಲ್ಲಿ ಹೊಡೆದ ವರ್ಷ ಅದು.

ಸಮಾಧಾನದ ಮಾತು ತಪ್ಪು ಜಾಗಕ್ಕೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 2022ರ ನವೆಂಬರ್‌ನ ನ್ಯೂಯಾರ್ಕ್-ದೆಹಲಿ ವಿಮಾನ ನೋಡಿ. ಕುಡಿದ ಪ್ರಯಾಣಿಕನೊಬ್ಬ ವಯಸ್ಸಾದ ಮಹಿಳೆಯ ಮೇಲೆ ಮೂತ್ರ ಮಾಡಿದ ಅಂತ ದೂರು. ತಾನು ಬೇಡ ಅಂದರೂ ಅವನನ್ನು ಕ್ಷಮೆ ಕೇಳಲು ಎದುರಿಗೆ ಕರೆತಂದರು ಅಂತ ಆಕೆ ಬರೆದರು. ಪೊಲೀಸ್ ಕೇಸು ಆಗಿದ್ದು ಒಂದು ತಿಂಗಳು ಕಳೆದ ಮೇಲೆ, ಜನವರಿಯಲ್ಲಿ. ಕಂಪನಿಗೆ 30 ಲಕ್ಷ ರೂಪಾಯಿ ದಂಡ, ಪೈಲಟ್ ಲೈಸೆನ್ಸ್ 3 ತಿಂಗಳು ಅಮಾನತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಸಾರಿ ಕೇಳಿದ್ದಾನಲ್ಲ, ಮುಗಿಸಿಬಿಡಮ್ಮ" ಅಂತ ನೆಲದ ಮೇಲಿನ ಆಫೀಸಿನವರು ನನಗೂ ಹೇಳಿದ್ದುಂಟು. ಎರಡು ಸಲ ಮುಗಿಸಿದ್ದೇನೆ. ಮುಗಿಸಬಾರದಿತ್ತು.

ಅರಸೀಕೆರೆಯವರು ಊಟ ಮಾಡಿ ನಿದ್ದೆ ಹೋದರು. ವರದಿಯಲ್ಲಿ ಎರಡು ಸಾಲು ಬರೆದೆ. ಬೆಂಗಳೂರಿನಲ್ಲಿ ಇಳಿದಾಗ ಬಾಗಿಲ ಬಳಿ ನಾನೂ ಆ ಹೊಸ ಹುಡುಗಿಯೂ ಕೈಮುಗಿದು ನಿಂತಿದ್ದೆವು. ಅವರು ತಲೆ ತಗ್ಗಿಸಿಕೊಂಡು ಹುಡುಗಿಯ ಮುಂದೆ ಒಂದು ಕ್ಷಣ ನಿಂತರು. "ತಪ್ಪಾಯ್ತಮ್ಮ" ಅಂದು ಬಿರಬಿರನೆ ಹೋದರು. ಹತ್ತು ಹೆಜ್ಜೆ ಹೋದವರು ತಿರುಗಿ ಬಂದರು.

"ಅಕ್ಕಾ... ನನ್ ಬಾಟ್ಲಿ?"